ವಯಸ್ಸಾಗಲೆಂದು ಕಾಯುವವರು

ಅರವತ್ತಕ್ಕೆ ಅರಳುಮರುಳು ಎನ್ನುವ ನಾಡಿನವರು ನಾವು. ಬೇಗ ಅರವತ್ತು ತುಂಬಲಿ ಎಂದು ದಿನ ಎಣಿಸುವವರೂ ಇದ್ದಾರೆಂದರೆ ನಗು ಬಂದೀತು. ಹಿರಿಯರ ಓಟದ ಕೂಟಗಳಲ್ಲಿ ಅದು ಮಾಮೂಲು. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ದಾಟಿದವರನ್ನು ಐದೈದು ವರ್ಷದ ಗುಂಪು ಮಾಡಿ ಓಡಿಸುತ್ತಾರೆ. 59ರಲ್ಲಿ ತನ್ನ ಗುಂಪಿಗೇ ಅಜ್ಜನಾಗಿದ್ದವನು ಹುಟ್ಟುಹಬ್ಬ ಕಳೆದದ್ದೇ ಮುಂದಿನ ಗುಂಪಿನ ಎಳೆಯ!

ಈ ಲೆಕ್ಕದ ಸೊಗಸು ಕೆನಡಾದ ಎಡ್ ವಿಟ್‌ಲಾಕ್ ಅವರಲ್ಲಿ ಕಾಣುತ್ತದೆ. 2003ರಲ್ಲಿ, 72ನೇ ವಯಸ್ಸಿನಲ್ಲಿ, ಟೊರಾಂಟೊದ ಮ್ಯಾರಥಾನ್ ಅನ್ನು 2 ಗಂಟೆ 59 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರಲ್ಲಿ ಮೂರು ಗಂಟೆಯ ಗೆರೆ ಮುರಿದವರು ಅವರೇ ಮೊದಲು. ಮರುವರ್ಷ 2:54:48. 2016ರಲ್ಲಿ, 85 ಆದಾಗ, 3:56:38. ಹನ್ನೆರಡು ವರ್ಷದಲ್ಲಿ ಒಂದು ಗಂಟೆಗೂ ಹೆಚ್ಚು ಹೋಯಿತಲ್ಲ ಎಂದು ಕೊರಗಬಹುದಿತ್ತು. ಆದರೆ 85ರವರ ಪಟ್ಟಿಯಲ್ಲಿ ಅದು ಹೊಸ ದಾಖಲೆ. ಎಷ್ಟೇ ಅಭ್ಯಾಸ ಮಾಡಿದರೂ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ಸ್ನಾಯು ಸವೆಯುತ್ತದೆ. ನಲವತ್ತರ ತನ್ನೊಂದಿಗೆ ಎಂಬತ್ತರ ತಾನು ಸೆಣಸುವುದು ಅನ್ಯಾಯ.

ವಿಟ್‌ಲಾಕ್ ಹುಡುಗನಾಗಿದ್ದಾಗಲೇ ಓಟಗಾರ. ಫೌಜಾ ಸಿಂಗ್ ಹಾಗಲ್ಲ. ಪಂಜಾಬಿನ ಈ ರೈತ ಮಗನನ್ನು ಕಳೆದುಕೊಂಡ ದುಃಖದಲ್ಲಿ ಲಂಡನ್ ಸೇರಿ, ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ತೊಂಬತ್ತರ ಹೊಸ್ತಿಲಲ್ಲಿ. 2011ರಲ್ಲಿ, ನೂರು ತುಂಬಿದಾಗ, ಇದೇ ಟೊರಾಂಟೊದಲ್ಲಿ ಎಂಟು ಗಂಟೆಗೂ ಹೆಚ್ಚು ನಡೆದೂ ಓಡಿಯೂ ಗುರಿ ಮುಟ್ಟಿದರು. ಜನನ ಪ್ರಮಾಣಪತ್ರವಿಲ್ಲವೆಂದು ಗಿನ್ನೆಸ್ ಇದನ್ನು ದಾಖಲಿಸಲಿಲ್ಲ. ಹಳ್ಳಿಯ ನಮ್ಮ ಅಜ್ಜ ಅಜ್ಜಿಯರಿಗೂ ಇದೇ ಪಾಡು: ಹುಟ್ಟಿದ್ದು ಗೊತ್ತು, ತಾರೀಕು ಗೊತ್ತಿಲ್ಲ.

ಇವರ ಕತೆ ಕೇಳಿ ನಾಳೆಯೇ ಬೂಟು ಬಿಗಿಯುವವರಿಗೆ ಒಂದು ಮಾತು. ಉಸಿರು ಕೆಲವೇ ವಾರಗಳಲ್ಲಿ ಒಗ್ಗುತ್ತದೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ಉಸಿರು ಹೂಂ ಎಂದಿತೆಂದು ಕಾಲನ್ನು ಎಳೆದೊಯ್ದರೆ ಮೊಣಕಾಲೋ ಹಿಮ್ಮಡಿಯೋ ತಕರಾರು ತೆಗೆಯುವುದು ಆಗಲೇ. ನಡಿಗೆಯಿಂದ ಶುರುವಾಗಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥ ವ್ಯಾಯಾಮ ವಾರಕ್ಕೆ ಕನಿಷ್ಠ 150 ನಿಮಿಷ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮ ಮಾಡಬೇಕು. ಒಂಟಿ ಕಾಲಲ್ಲಿ ನಿಂತು ನೋಡಿ, ಯಾಕೆಂದು ತಿಳಿಯುತ್ತದೆ. ಬಾಯಾರಿಕೆಯೂ ವಯಸ್ಸಿನೊಂದಿಗೆ ಮಂಕಾಗುವುದರಿಂದ ನೀರು ಕುಡಿಯಲು ಅದರ ಕರೆಗೆ ಕಾಯಬೇಡಿ. ಹೃದ್ರೋಗ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿ.

2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆಯಲ್ಲಿ ಹಿರಿಯ ನಾಗರಿಕರಿಗೆಂದೇ ಬೇರೆ ಓಟವಿದೆ. ಹೆಸರು ಓಟ, ಬಹುಪಾಲು ನಡಿಗೆ, ಮಿಕ್ಕಿದ್ದು ಹರಟೆ. ಹೆಸರು ಕೊಟ್ಟ ಮೇಲೆ ಬೆಳಗ್ಗೆ ಏಳಲು ಒಂದು ನೆಪ ಸಿಗುತ್ತದೆ. ಅಭ್ಯಾಸಕ್ಕೆ ದೊಡ್ಡ ಮೈದಾನವೇ ಬೇಕೆಂದಿಲ್ಲ. ವಿಟ್‌ಲಾಕ್ ಸುತ್ತುತ್ತಿದ್ದದ್ದು ಮನೆ ಹತ್ತಿರದ ಸ್ಮಶಾನವನ್ನು. ಸುತ್ತು ಚಿಕ್ಕದು, ಎದುರುಗಾಳಿ ಹೆಚ್ಚು ಹೊತ್ತು ಕಾಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ.