ಟೂರಿಂಗ್ ಬೈಕಿನ ರೂಪಾಂತರ: ಕಳಚುವ ಮುನ್ನ ಬರೆಯಬೇಕಾದ ಲೆಕ್ಕ

ದ್ವಿಚಕ್ರ ವಾಹನಗಳ ದುರಸ್ತಿ ಹಾಗೂ ಬಿಡಿಭಾಗಗಳ ವ್ಯಾಪಾರದಲ್ಲಿ ಹೊಸದೊಂದು ಕವಲು ಬೆಳೆದು ನಿಂತಿದೆ. ದೂರ ಪ್ರಯಾಣಕ್ಕೆಂದು ತಯಾರಾದ ಟೂರಿಂಗ್ ಮೋಟಾರ್ ಸೈಕಲ್ಲಿನ ಗಾಳಿತಡೆ, ಬೆನ್ನಾಸರೆ, ಸಾಮಾನು ಪೆಟ್ಟಿಗೆ ಮುಂತಾದವನ್ನು ಕಳಚಿ, ನಗರದ ಓಡಾಟಕ್ಕೆ ಒಪ್ಪುವ ಸರಳ ಕಸ್ಟಮ್ ಬೈಕನ್ನಾಗಿ ಮಾರ್ಪಡಿಸುವುದೇ ಈ ಕಸುಬು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸವಾರರು ಮಡ್‌ಗಾರ್ಡ್ ಕತ್ತರಿಸಿ, ಭಾರ ಇಳಿಸಿ ಸಿದ್ಧಪಡಿಸುತ್ತಿದ್ದ ‘ಬಾಬರ್’ ಬೈಕುಗಳ ಪರಂಪರೆ ಇದಕ್ಕಿದೆ. ಮೆಕ್ಯಾನಿಕ್, ವೆಲ್ಡರ್, ಲೇತ್ ಕೆಲಸಗಾರ, ಪೇಂಟರ್, ಸೀಟು ಹೊಲಿಯುವವ ಹೀಗೆ ಐದಾರು ಕುಶಲಕರ್ಮಿಗಳಿಗೆ ಒಂದೇ ವಾಹನದಿಂದ ಕೆಲಸ ದೊರೆಯುತ್ತದೆ.

ಮೇಲ್ನೋಟಕ್ಕೆ ಇದು ತೆಗೆದುಹಾಕುವ ಕಸುಬು. ಆದರೆ ವರ್ಕ್‌ಶಾಪಿನ ಲಾಭ ನಷ್ಟವನ್ನು ತೀರ್ಮಾನಿಸುವುದು ಮುಟ್ಟದೆ ಉಳಿಸಿದ ಭಾಗಗಳೇ. ಈ ಅಂಶವನ್ನು ಉದ್ಯಮಿಗಳು ಮೊದಲೇ ಮನಗಾಣುವುದು ಒಳಿತು.

ಕಂಪನಿಯೇ ತೋರಿದ ಮಾದರಿ

ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಥಂಡರ್‌ಬರ್ಡ್ ಇದಕ್ಕೆ ಉತ್ತಮ ನಿದರ್ಶನ. 2002ರಲ್ಲಿ ಬಂದ ಈ ವಾಹನ ಹೆದ್ದಾರಿ ಪ್ರಯಾಣಿಕರ ಮೆಚ್ಚುಗೆ ಗಳಿಸಿತ್ತು. 2018ರ ಫೆಬ್ರವರಿಯಲ್ಲಿ ಸಂಸ್ಥೆಯು ಅದರದೇ ಕಸ್ಟಮ್ ರೂಪಗಳಾದ 350 ಎಕ್ಸ್ ಮತ್ತು 500 ಎಕ್ಸ್ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಬೆನ್ನಾಸರೆ ಹೋಯಿತು. ಹಿಂದಕ್ಕೆ ಬಾಗಿದ ಹ್ಯಾಂಡಲ್ ಬದಲು ಚಪ್ಪಟೆ ಹ್ಯಾಂಡಲ್ ಬಂದಿತು. ಕಡ್ಡಿ ಚಕ್ರಗಳ ಜಾಗಕ್ಕೆ ಅಲಾಯ್ ಚಕ್ರ ಮತ್ತು ಟ್ಯೂಬ್‌ಲೆಸ್ ಟೈರು ಬಂದವು. ಕ್ರೋಮ್ ಹೊಳಪಿಗೆ ಬದಲಾಗಿ ಕಪ್ಪು ಬಣ್ಣ, ಟ್ಯಾಂಕಿಗೆ ಎದ್ದು ಕಾಣುವ ವರ್ಣ ಕೊಡಲಾಯಿತು.

ಎಂಜಿನ್ ಮಾತ್ರ ಬದಲಾಗಲಿಲ್ಲ. ಇಬ್ಬರು ಕೂರುವ ಸೌಕರ್ಯವೂ ಉಳಿಯಿತು. ವಾಹನದ ನೋಟವೂ ಸವಾರನ ಭಂಗಿಯೂ ಬದಲಾದವು, ಅಸ್ತಿಭಾರ ಹಾಗೆಯೇ ಇತ್ತು. ಥಂಡರ್‌ಬರ್ಡ್ ತಯಾರಿಕೆ 2020ರಲ್ಲಿ ನಿಂತು, ಆ ಸ್ಥಾನಕ್ಕೆ ಮೀಟಿಯರ್ 350 ಬಂದಿತು. ಆದರೂ ಆ ಪಟ್ಟಿಯಲ್ಲಿ ಸಣ್ಣ ವರ್ಕ್‌ಶಾಪುಗಳಿಗೆ ಪಾಠವಿದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ತಯಾರಕರು ಹೊಸ ಮಾದರಿಯನ್ನು ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದಿಸಿಕೊಂಡೇ ಮಾರುತ್ತಾರೆ. ಗ್ಯಾರೇಜಿನ ಕೆಲಸಕ್ಕೆ ಅಂತಹ ಅನುಮೋದನೆಯ ಬೆಂಬಲ ಇರುವುದಿಲ್ಲ.

ಒಂದು ಭಾಗ ಕಳಚಿದರೆ

ವಾಹನದ ಭಾಗಗಳು ಒಂದನ್ನೊಂದು ಅವಲಂಬಿಸಿವೆ. ಇಬ್ಬರು ಸವಾರರು ಮತ್ತು ಸಾಮಾನಿನ ಭಾರಕ್ಕೆ ಹೊಂದಿಸಿದ ಹಿಂಬದಿಯ ಷಾಕ್ ಅಬ್ಸಾರ್ಬರ್, ಭಾರ ಇಳಿದೊಡನೆ ಗಡುಸಾಗಿ ವರ್ತಿಸುತ್ತದೆ; ಸ್ಪ್ರಿಂಗಿನ ಬಿಗಿತವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹ್ಯಾಂಡಲ್ ತಗ್ಗಿಸಿದರೆ ಕ್ಲಚ್ ಕೇಬಲ್ ಹಾಗೂ ಬ್ರೇಕ್ ಹೋಸಿನ ಉದ್ದ ಹೆಚ್ಚಾಗಿ, ತಿರುವಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಮುಂಭಾಗದ ಹೊದಿಕೆ ತೆಗೆದಾಗ ಅದರೊಳಗೆ ಅಡಗಿದ್ದ ವೈರಿಂಗ್ ಮಳೆ ಧೂಳಿಗೆ ಒಡ್ಡಿಕೊಳ್ಳುತ್ತದೆ. ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಿದರೆ ಪೆಟ್ರೋಲು ಗಾಳಿಯ ಮಿಶ್ರಣದ ಪ್ರಮಾಣ ಕೆಟ್ಟು ಎಂಜಿನ್ ಅತಿಯಾಗಿ ಬಿಸಿಯಾಗಬಹುದು. ಇವುಗಳ ಮರುಹೊಂದಾಣಿಕೆಗೆ ತಗಲುವ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸದಿದ್ದರೆ ನಷ್ಟ ವರ್ಕ್‌ಶಾಪಿನದೇ.

ಕಾನೂನಿನ ಗೆರೆ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು. ಆಸನ ಸಂಖ್ಯೆ ಮತ್ತು ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತವೆ. ಎರಡು ಆಸನದ ಬೈಕನ್ನು ಒಂಟಿ ಸೀಟಿಗೆ ಇಳಿಸುವುದು ಕೇವಲ ಸೀಟು ಹೊಲಿಯುವವನ ಕೆಲಸವಲ್ಲವೆಂಬುದು ಇದರಿಂದ ಸ್ಪಷ್ಟ.

2019ರ ತಿದ್ದುಪಡಿಯಿಂದ ಬಂದ 182ಎ ಪ್ರಕರಣವು ಅಕ್ರಮ ಮಾರ್ಪಾಡಿಗೆ ಮಾಲೀಕನ ಮೇಲೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ತಯಾರಕ ಅಥವಾ ಡೀಲರ್ ನಿಯಮ ಮೀರಿ ವಾಹನ ಮಾರ್ಪಡಿಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂ. ದಂಡ, ಅಥವಾ ಎರಡೂ. ಅಧಿನಿಯಮದಲ್ಲಿನ ‘ಡೀಲರ್’ ಪದದ ವ್ಯಾಖ್ಯೆಯಲ್ಲಿ ವಾಹನ ದುರಸ್ತಿಯಲ್ಲಿ ತೊಡಗಿದವರೂ ಸೇರುತ್ತಾರೆ. ‘ಗಿರಾಕಿ ಹೇಳಿದ, ನಾವು ಮಾಡಿದೆವು’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಆದ್ದರಿಂದ ಕೆಲಸವನ್ನು ಮೂರು ಪಾಲಾಗಿ ವಿಂಗಡಿಸುವುದು ಸೂಕ್ತ. ಬೋಲ್ಟು ಬಿಚ್ಚಿ ತೆಗೆದು ಮತ್ತೆ ಕೂರಿಸಬಹುದಾದ ಪೆಟ್ಟಿಗೆ, ಬೆನ್ನಾಸರೆ, ಹೆಚ್ಚುವರಿ ಗಾಳಿತಡೆ ಮೊದಲ ಪಾಲು. ಬಣ್ಣ, ಹ್ಯಾಂಡಲ್, ಚಕ್ರ, ಹೆಡ್‌ಲೈಟ್ ಎರಡನೆಯ ಪಾಲು. ಇವುಗಳ ಬಗ್ಗೆ ಸಾರಿಗೆ ಕಚೇರಿಯನ್ನು ಲಿಖಿತವಾಗಿ ಕೇಳಿಯೇ ಮುಂದುವರಿಯಬೇಕು. ಚೌಕಟ್ಟು ಕತ್ತರಿಸುವುದು, ಮೂಲ ಸೈಲೆನ್ಸರ್ ಕಿತ್ತು ಸದ್ದಿನ ಕೊಳವೆ ಹಾಕುವುದು, ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟ್ ಅಥವಾ ಎಬಿಎಸ್ ತೆಗೆಯುವುದು ಮೂರನೆಯ ಪಾಲು. ಈ ಕೆಲಸವನ್ನು ಒಪ್ಪಿಕೊಳ್ಳಲೇಬಾರದು. ಸಹಸವಾರರ ಹಿಡಿಕೆ, ಕಾಲಾಸರೆ ಮತ್ತು ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮರೆಮಾಡುವ ಸಾರಿ ಗಾರ್ಡನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಕಡ್ಡಾಯಗೊಳಿಸಿದೆ. ಅಂದಕ್ಕೆ ಅಡ್ಡಿಯೆಂದು ಗಿರಾಕಿಗಳು ಮೊದಲು ತೆಗೆಸಲು ಬಯಸುವುದು ಇದನ್ನೇ.

ಕಳಚಿದ ಸಾಮಾನು ಯಾರದು?

ಲೆಕ್ಕಪತ್ರದಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವ ಪ್ರಶ್ನೆ ಇದು. ಕಳಚಿದ ಭಾಗಗಳು ಗಿರಾಕಿಯ ಸ್ವತ್ತು. ಅವನ್ನು ವರ್ಕ್‌ಶಾಪು ಇಟ್ಟುಕೊಂಡು ಬಿಲ್ಲಿನಲ್ಲಿ ಮುರಿದುಕೊಂಡರೆ ಅದು ವಿನಿಮಯವೆನಿಸುತ್ತದೆ. ಜಿಎಸ್‌ಟಿ ಕಾಯಿದೆಯಲ್ಲಿ ವಿನಿಮಯವೂ ಪೂರೈಕೆಯೇ. ಉದಾಹರಣೆಗೆ, ಕೆಲಸದ ಮೌಲ್ಯ 60,000 ರೂ. ಎಂದಿರಲಿ. ಗಿರಾಕಿ 8,000 ರೂ. ಬೆಲೆಯ ಪೆಟ್ಟಿಗೆಗಳನ್ನು ಬಿಟ್ಟು, 52,000 ರೂ. ಜೊತೆಗೆ ತೆರಿಗೆ ಪಾವತಿಸಿದನೆನ್ನೋಣ. ಶೇ. 18ರ ತೆರಿಗೆ ಲೆಕ್ಕ ಹಾಕಬೇಕಾದದ್ದು 60,000 ರೂ. ಮೇಲೆ, ಅಂದರೆ 10,800 ರೂ. ನಗದಿನ ಮೇಲಷ್ಟೇ ಲೆಕ್ಕ ಹಾಕಿದರೆ 9,360 ರೂ. ಆಗುತ್ತದೆ. ಕಡಿಮೆ ಬಿದ್ದ 1,440 ರೂ. ಮುಂದೆ ಬಡ್ಡಿ, ದಂಡದೊಂದಿಗೆ ವರ್ಕ್‌ಶಾಪಿನ ಬಾಗಿಲಿಗೆ ಬರುತ್ತದೆ.

ಬಿಡಿಭಾಗಗಳ ತೆರಿಗೆ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದ್ದು, ದುರಸ್ತಿ ಕೂಲಿಯ ದರಕ್ಕೆ ಸಮನಾಗಿದೆ. ಹೀಗಾಗಿ ಬಿಡಿಭಾಗವೆಷ್ಟು, ಕೂಲಿಯೆಷ್ಟು ಎಂಬ ಹಳೆಯ ತಕರಾರಿನ ತೀವ್ರತೆ ತಗ್ಗಿದೆ. ಆದರೂ ಎರಡನ್ನೂ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸುವುದು ಶಿಸ್ತಿನ ಲಕ್ಷಣ. ಹಳೆಯ ಭಾಗಗಳನ್ನು ಕೊಂಡು ಹಾಗೆಯೇ ಮಾರುವ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಲು ಅವಕಾಶವಿದೆ. ಅದಕ್ಕೆ ಪ್ರತಿ ಭಾಗದ ಖರೀದಿ ದಾಖಲೆ ಇರಬೇಕು.

ಕಡತವೇ ರಕ್ಷೆ

ಕೆಲಸ ಆರಂಭಿಸುವ ಮೊದಲು ಆರ್‌ಸಿ ಮತ್ತು ವಿಮಾ ಪಾಲಿಸಿಯ ಪ್ರತಿ, ವಾಹನದ ನಾಲ್ಕೂ ಬದಿಯ ಛಾಯಾಚಿತ್ರ, ಕಳಚುವ ಭಾಗಗಳ ಪಟ್ಟಿ, ಗಿರಾಕಿಯ ಸಹಿ ಇವಿಷ್ಟನ್ನು ಕಡತದಲ್ಲಿ ಇರಿಸಬೇಕು. ವಾಹನ ಸಾಲದಲ್ಲಿದ್ದರೆ ಅದು ಸಾಲ ಕೊಟ್ಟವರ ಭದ್ರತೆಯೂ ಹೌದು. ಅವರ ಒಪ್ಪಿಗೆ ಅಗತ್ಯ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದಲ್ಲಿ ಅಪಘಾತದ ಸಂದರ್ಭದಲ್ಲಿ ಪರಿಹಾರಕ್ಕೆ ತೊಡಕಾಗಬಹುದೆಂದು ಗಿರಾಕಿಗೆ ಲಿಖಿತವಾಗಿ ತಿಳಿಸಬೇಕು.

ಮೂಲ ಭಾಗಗಳನ್ನು ಗಿರಾಕಿಯೇ ಮನೆಯಲ್ಲಿ ಜೋಪಾನವಾಗಿ ಇರಿಸಿಕೊಳ್ಳುವಂತೆ ಸಲಹೆ ನೀಡುವುದು ಎಲ್ಲರಿಗೂ ಕ್ಷೇಮ. ಮಾರುವ ಕಾಲಕ್ಕೆ ವಾಹನವನ್ನು ಮೊದಲಿನ ರೂಪಕ್ಕೆ ತರಲು ಸಾಧ್ಯವಿದ್ದರೆ ಅದರ ಬೆಲೆ ಉಳಿಯುತ್ತದೆ, ಮರುಜೋಡಣೆಯ ಕೆಲಸವೂ ಅದೇ ವರ್ಕ್‌ಶಾಪಿಗೆ ಮರಳಿ ಬರುತ್ತದೆ. ಚೌಕಟ್ಟಿಗೆ ಒಮ್ಮೆ ಗರಗಸ ತಾಗಿತೆಂದರೆ ಆ ಎರಡೂ ಅವಕಾಶಗಳು ಅಲ್ಲಿಗೇ ಮುಗಿದಂತೆ.