ಜತ್ತದ ಗಾಳಿ ಇಂಧನವಾಗಬಹುದೆ?

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರದ ಸೀಮೆಗೆ ತಾಗಿಕೊಂಡಿರುವ ಜತ್ತ ತಾಲೂಕು ಮಳೆಯ ವಿಷಯದಲ್ಲಿ ಎಷ್ಟು ಬಡವೋ ಗಾಳಿಯ ವಿಷಯದಲ್ಲಿ ಅಷ್ಟೇ ಸಂಪನ್ನವಾದುದು. ಸಂಖ, ಉಮದಿ, ಗುಡ್ಡಾಪುರಗಳ ಕಡೆಯ ಕನ್ನಡಿಗರು ಬೇಸಗೆಯಲ್ಲಿ ನೀರಿನ ಟ್ಯಾಂಕರಿನ ದಾರಿ ಕಾಯುತ್ತಿರುವಾಗಲೇ ಅದೇ ತಾಲೂಕಿನ ಮಾಳಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ರಿನ್ಯೂ ಎಂಬ ವಿದ್ಯುತ್ ಸಂಸ್ಥೆಯ ಇಲ್ಲಿಯ ಒಂದು ಸ್ಥಾವರದ ಸಾಮರ್ಥ್ಯವೇ 84.65 ಮೆಗಾವ್ಯಾಟ್. ತಂತಿಯ ಮೇಲೆ ಹೊರಟುಹೋಗುವ ಈ ವಿದ್ಯುತ್ತು ಇಲ್ಲಿಯೇ ದ್ರವ ಇಂಧನವಾಗಿ ಮಾರ್ಪಡಬಹುದೆ, ಅದಕ್ಕೆ ಬೇಕಾದ ಇಂಗಾಲವನ್ನು ಆಕಾಶಕ್ಕೆ ಬಿಟ್ಟುಬಿಡುವ ಇಂಗಾಲದ ಡೈಆಕ್ಸೈಡ್ ಅನಿಲದಿಂದಲೇ ಪಡೆಯಬಹುದೆ ಎಂಬುದು ಇಂದು ಕೇಳತಕ್ಕ ಪ್ರಶ್ನೆಯಾಗಿದೆ.

ಇಂಗಾಲದ ಡೈಆಕ್ಸೈಡ್ ಎಂಬುದು ಉರಿದು ಮುಗಿದ ಇಂಗಾಲ. ಶಕ್ತಿಯನ್ನೆಲ್ಲ ಬೆಂಕಿಗೆ ಒಪ್ಪಿಸಿ ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡ ಈ ವಸ್ತುವನ್ನು ಮತ್ತೆ ಇಂಧನವಾಗಿಸಬೇಕಾದರೆ ಹೊರಗಿನಿಂದ ಶಕ್ತಿಯನ್ನು ತುಂಬಲೇಬೇಕು. ಅದನ್ನು ಹೊತ್ತು ತರುವುದು ಜಲಜನಕ, ಆ ಜಲಜನಕವನ್ನು ಕೊಡುವುದು ವಿದ್ಯುತ್ತಿನಿಂದ ಸೀಳಿದ ನೀರು. ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಲು ಬಳಸುವ ವೇಗವರ್ಧಕವು ದಾರಿಯನ್ನು ಸುಗಮಗೊಳಿಸುತ್ತದೆಯೇ ಹೊರತು ಶಕ್ತಿಯನ್ನು ಸೃಷ್ಟಿಸಲಾರದು. ಇದನ್ನು ಮರೆಸಿ, ಹೊಗೆಯಿಂದ ಪುಕ್ಕಟೆ ಪೆಟ್ರೋಲು ಬರುವುದೆಂದು ಸಾರುವವರನ್ನು ನಂಬಬಾರದು.

ಹೆಚ್ಚು ರೂಢಿಯಲ್ಲಿರುವ ವೇಗವರ್ಧಕ ತಾಮ್ರ, ಸತುವಿನ ಆಕ್ಸೈಡ್ ಮತ್ತು ಅಲ್ಯೂಮಿನಾಗಳ ಮಿಶ್ರಣ. ಕೆಲವೇ ಮಿಲಿಮೀಟರ್ ಗಾತ್ರದ ಕಪ್ಪು ಗುಳಿಗೆಗಳನ್ನು ಉಕ್ಕಿನ ಕೊಳವೆಗಳಲ್ಲಿ ತುಂಬಿ, ಮೊದಲು ಜಲಜನಕವನ್ನು ಹಾಯಿಸಿ ಅವುಗಳ ತಾಮ್ರವನ್ನು ಲೋಹರೂಪಕ್ಕೆ ತಂದು, ಬಳಿಕ 200ರಿಂದ 300 ಡಿಗ್ರಿ ಶಾಖದಲ್ಲಿ, ವಾಯುಮಂಡಲದ ಒತ್ತಡದ 50ರಿಂದ 100 ಪಟ್ಟು ಒತ್ತಡದಲ್ಲಿ ಎರಡೂ ಅನಿಲಗಳನ್ನು ಅವುಗಳ ಮೇಲೆ ಹರಿಯಿಸಿದರೆ ಮೆಥನಾಲ್ ಎಂಬ ದ್ರವ ಇಂಧನ ಮತ್ತು ನೀರಿನ ಹಬೆ ಹೊರಬರುತ್ತವೆ. ಆ ಹಬೆಯೇ ಗುಳಿಗೆಗೆ ಶತ್ರು: ಅದರ ಸಂಗದಲ್ಲಿ ತಾಮ್ರದ ಸೂಕ್ಷ್ಮ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಚಟುವಟಿಕೆ ಕಳೆದುಕೊಳ್ಳುತ್ತವೆ. ಗಂಧಕದ ಲೇಶ ತಗುಲಿದರೂ ಅವು ಕೆಡುತ್ತವೆ. ಮೆಥನಾಲನ್ನು ಜಿಯೋಲೈಟ್ ಎಂಬ ರಂಧ್ರಮಯ ಖನಿಜದ ಮೂಲಕ ಹಾಯಿಸಿದರೆ ಪೆಟ್ರೋಲು ದೊರೆಯುತ್ತದೆ. ನ್ಯೂಜಿಲೆಂಡಿನ ಮೋಟುನುಯಿಯಲ್ಲಿ 1985ರಲ್ಲಿಯೇ, ನೈಸರ್ಗಿಕ ಅನಿಲದಿಂದ ಮಾಡಿದ ಮೆಥನಾಲನ್ನು ಹೀಗೆ ಪೆಟ್ರೋಲಾಗಿಸಿದ್ದರು. ಕಬ್ಬಿಣವನ್ನೂ ಜಿಯೋಲೈಟನ್ನೂ ಜೊತೆಗೂಡಿಸಿ ಇಂಗಾಲದ ಡೈಆಕ್ಸೈಡಿನಿಂದ ನೇರವಾಗಿ ಪೆಟ್ರೋಲಿನ ಅಂಶಗಳನ್ನು ಪಡೆಯಬಹುದೆಂದು ಚೀನದ ದಾಲಿಯಾನಿನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು.

ನಮ್ಮವರೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕ ಸೆಬಾಸ್ಟಿಯನ್ ಪೀಟರ್ ಅವರು ಇಂಥ ವೇಗವರ್ಧಕಗಳ ಮೇಲೆ ದುಡಿಯುತ್ತಿದ್ದಾರೆ. ಅಲ್ಲಿಂದ ಹುಟ್ಟಿದ ಬ್ರೀದ್ ಎಂಬ ಸಂಸ್ಥೆ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಜಾಗತಿಕ ಸ್ಪರ್ಧೆಯ ಅಂತಿಮ ಸುತ್ತನ್ನು ತಲಪಿತ್ತು. ದಕ್ಷಿಣ ಚಿಲಿಯ ಪುಂತಾ ಅರೆನಾಸ್ ಬಳಿ 2022ರ ಡಿಸೆಂಬರಿನಲ್ಲಿ ಆರಂಭವಾದ ಹಾರು ಓನಿ ಸ್ಥಾವರವಂತೂ ಜತ್ತದವರು ಗಮನಿಸತಕ್ಕದ್ದು: ಅಲ್ಲಿಯ ಬಿರುಗಾಳಿಯಲ್ಲಿ ತಿರುಗುವ ಒಂದೇ ಗಾಳಿಯಂತ್ರದ ಆಧಾರದ ಮೇಲೆ ಪೆಟ್ರೋಲು ತಯಾರಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಟನ್ ಮೆಥನಾಲಿಗೆ 1.375 ಟನ್ ಇಂಗಾಲದ ಡೈಆಕ್ಸೈಡ್, ಸುಮಾರು 188 ಕಿಲೋ ಜಲಜನಕ ಬೇಕು. ಆ ಜಲಜನಕಕ್ಕಾಗಿ ಹೆಚ್ಚು ಕಡಮೆ 10,000 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಇಂಧನದಲ್ಲಿ ಉಳಿಯುವುದು 5,500 ಯೂನಿಟ್ಟಿನಷ್ಟು. ಆದಕಾರಣ ಬ್ಯಾಟರಿಯಿಂದ ಓಡಬಲ್ಲ ಮೋಟಾರ್ ಸೈಕಲಿಗೆ ಇದನ್ನು ಸುರಿಯುವುದು ಅವಿವೇಕ. ಹಡಗಿಗೆ, ಮತ್ತಷ್ಟು ಸಂಸ್ಕರಿಸಿದರೆ ವಿಮಾನಕ್ಕೆ, ಇದು ಸಲ್ಲುತ್ತದೆ. ಮೇಲೆ ಹೇಳಿದ ಜತ್ತದ ಗಾಳಿ ಸ್ಥಾವರವು ಸರಾಸರಿ ತನ್ನ ಸಾಮರ್ಥ್ಯದ ಕಾಲುಭಾಗ ದುಡಿಯಿತೆಂದು ಹಿಡಿದರೆ ದಿನಕ್ಕೆ 50 ಟನ್ ಮೆಥನಾಲ್ ಆದೀತು. ಅದಕ್ಕೆ ಸೀಳಬೇಕಾದ ನೀರು ಸುಮಾರು 85,000 ಲೀಟರ್. ಮೂರರಲ್ಲೊಂದು ಪಾಲು ಕ್ರಿಯೆಯಲ್ಲಿ ಹಿಂದಕ್ಕೆ ಬರುತ್ತದೆಯಾದರೂ ಶುದ್ಧೀಕರಣಕ್ಕೆ, ತಂಪು ಮಾಡುವುದಕ್ಕೆ ಬೇರೆ ನೀರು ಬೇಕು. ಸೀಳುವ ನೀರೊಂದೇ ತಲೆಗೆ 55 ಲೀಟರಿನಂತೆ ಸುಮಾರು 1,500 ಜನರ ದಿನದ ನೀರು. ಮೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರಿಗಾಗಿ ವರ್ಷಗಟ್ಟಲೆ ಮೊರೆಯಿಟ್ಟ ಊರುಗಳಲ್ಲಿ ಕುಡಿಯುವ ನೀರನ್ನು ಇದಕ್ಕೆ ಮುಟ್ಟಕೂಡದು.

ಮಾರ್ಗವೊಂದು ಇಲ್ಲದೆ ಇಲ್ಲ, ಅದು ಕಬ್ಬಿನಲ್ಲಿದೆ. ಡಿಸ್ಟಿಲರಿಯ ತೊಟ್ಟಿಯಲ್ಲಿ ಕಾಕಂಬಿ ನೊರೆಯೆದ್ದು ಹುಳಿಯುವಾಗ ಪ್ರತಿ ಕಿಲೋ ಎಥನಾಲಿನೊಡನೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಹುಮಟ್ಟಿಗೆ ಶುದ್ಧವಾಗಿ ಗುಳುಗುಳಿಸಿ ಮೇಲೇಳುತ್ತದೆ. ದಿನಕ್ಕೆ 90,000 ಲೀಟರ್ ಎಥನಾಲ್ ತಯಾರಿಸುವ ಒಂದೇ ಡಿಸ್ಟಿಲರಿಯ ಅನಿಲ ಆ 50 ಟನ್ ಮೆಥನಾಲಿಗೆ ಹೆಚ್ಚು ಕಡಮೆ ಸಾಕು. ಕಬ್ಬಿನ ತೂಕದಲ್ಲಿ ಮುಕ್ಕಾಲಿಗೆ ಸಮೀಪದಷ್ಟು ನೀರೇ ಆಗಿರುವುದರಿಂದ, ರಸವನ್ನು ಕಾಯಿಸುವಾಗ ಏಳುವ ಹಬೆ ತಣಿದರೆ ನೀರೂ ದೊರೆಯುತ್ತದೆ. ತೊಡಕಿರುವುದು ಕಾಲದಲ್ಲಿ: ಗಾಳಿ ಬಲವಾಗಿ ಬೀಸುವುದು ಮುಂಗಾರಿನಲ್ಲಿ, ಕಬ್ಬು ಅರೆಯುವುದು ಚಳಿಗಾಲದಲ್ಲಿ. ಕಾಕಂಬಿಯನ್ನು ಕೂಡಿಟ್ಟು ಡಿಸ್ಟಿಲರಿಯನ್ನು ಮಳೆಗಾಲದಲ್ಲಿಯೂ ನಡೆಸಬಹುದು; ಹಬೆಯ ನೀರನ್ನು ಅಲ್ಲಿಯವರೆಗೆ ಕಾಪಾಡಲು ಕೆರೆಯಂಥ ಕೊಳವೇ ಬೇಕಾದೀತು. ಆ ವೆಚ್ಚವನ್ನು ಹೊರಲು ಸಿದ್ಧರಿಲ್ಲದವರು ಇಲ್ಲಿ ಕಾರ್ಖಾನೆಯನ್ನು ಕಟ್ಟಬಾರದು.

ಇಂಥ ಯೋಜನೆಯನ್ನು ಹಿಡಿದುಕೊಂಡು ಯಾರಾದರೂ ಊರಿಗೆ ಬಂದರೆ, ಜತ್ತದ ಬಂಧುಗಳೆ, ಕೆಲಸ ಎಷ್ಟು ಜನಕ್ಕೆ ಎಂದು ಕೇಳುವುದಕ್ಕೆ ಮೊದಲು ನೀರು ಎಲ್ಲಿಂದ, ಯಾವ ತಿಂಗಳಲ್ಲಿ, ಎಷ್ಟು ಲೀಟರ್ ಎಂಬುದನ್ನು ಗ್ರಾಮಸಭೆಯ ಮುಂದೆ ಬರೆಯಿಸಿಕೊಳ್ಳಿರಿ. ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಬರೆಯಿಸಿಕೊಳ್ಳಿರಿ.