ಶಾರ್ಪ್ ಚಿತ್ರ ಬೇಕೆ? ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ!

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರಿಗೆ ಮುನ್ನ ಸಿಗುವ ಊರು ಸೋಮನಹಳ್ಳಿ. ಅದೇ ದಾರಿಯ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿ.ಮೀ. ಒಳಕ್ಕೆ ಹೋದರೆ ಕೊಕ್ಕರೆ ಬೆಳ್ಳೂರು. ಚಳಿಗಾಲ ಕಳೆಯುವ ಹೊತ್ತಿಗೆ ಇಲ್ಲಿನ ಹುಣಿಸೆ ಮರಗಳ ನೆತ್ತಿಯ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳ ಸಂಸಾರ. ಮರದ ಕೆಳಗೆ, ಭಾನುವಾರ ಬಂತೆಂದರೆ, ಕ್ಯಾಮೆರಾ ಹಿಡಿದ ಹವ್ಯಾಸಿಗಳ ಸಂತೆ!

ಸಂಜೆ ಮನೆಗೆ ಮರಳಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದಾಗ ಹಲವರ ಮುಖ ಬಾಡುತ್ತದೆ. ‘ಎಲ್ಲ ಸರಿ, ಶಾರ್ಪ್ ಇಲ್ಲ’ ಎಂಬ ಕೊರಗು. ತಪ್ಪೆಲ್ಲ ಲೆನ್ಸಿನದು ಎಂದು ತೀರ್ಮಾನ. ಮುಂದಿನ ವಾರ ಇನ್ನಷ್ಟು ಹತ್ತಿರ ಹೋಗಬೇಕೆಂಬ ಹಂಬಲ. ಆದರೆ ಹತ್ತಿರ ಹೋದರೆ ಚಿತ್ರ ಸ್ಫುಟವಾಗುತ್ತದೆಯೇ? ಲೆಕ್ಕ ಬೇರೆಯೇ ಹೇಳುತ್ತದೆ.

ವಸ್ತುವಿನ ಒಂದು ಬಿಂದು ಚಿತ್ರದಲ್ಲೂ ಬಿಂದುವಾಗಿಯೇ ಮೂಡಿದರೆ ಅದು ಸ್ಫುಟ ಚಿತ್ರ. ಲೆನ್ಸು ಒಂದು ಸಲಕ್ಕೆ ಒಂದೇ ದೂರಕ್ಕೆ ನಾಭೀಕರಿಸಬಲ್ಲದು. ಅದರ ಹಿಂದೆ ಮುಂದೆ ಇರುವ ಬಿಂದುಗಳು ಪುಟ್ಟ ಬಿಲ್ಲೆಗಳಾಗಿ ಹರಡುತ್ತವೆ. 35 ಮಿ.ಮೀ. ಫಿಲ್ಮಿನ ಕಾಲದಿಂದಲೂ 0.03 ಮಿ.ಮೀ. ಅಗಲದವರೆಗಿನ ಬಿಲ್ಲೆಯನ್ನು ಬಿಂದುವೆಂದೇ ಒಪ್ಪುವ ರೂಢಿಯಿದೆ. ಸಾಧಾರಣ ಗಾತ್ರದ ಮುದ್ರಣದಲ್ಲಿ ಕಣ್ಣಿಗೆ ಅದರ ವ್ಯತ್ಯಾಸ ತಿಳಿಯದು. ಅಂದರೆ, ಶಾರ್ಪ್ ಎನ್ನುವುದು ನಮ್ಮ ಕಣ್ಣು ಕೊಟ್ಟ ರಿಯಾಯಿತಿ!

ಈ ರಿಯಾಯಿತಿ ಎಷ್ಟು ದೂರ ನಡೆಯುತ್ತದೆ? 400 ಮಿ.ಮೀ. ಲೆನ್ಸನ್ನು ಎಫ್ 5.6ಕ್ಕೆ ತೆರೆದಿಟ್ಟು 20 ಮೀಟರ್ ದೂರದ ಕೊಕ್ಕರೆಗೆ ಹೊಂದಿಸಿದರೆ ಸುಮಾರು 80 ಸೆಂ.ಮೀ. ಆಳದವರೆಗೆ ಚಿತ್ರ ಸ್ಫುಟ. ಹಕ್ಕಿಯ ದೇಹ ಬಹುಮಟ್ಟಿಗೆ ಅದರೊಳಗೆ ಅಡಗುತ್ತದೆ. ಅದೇ ಲೆನ್ಸ್ ಹಿಡಿದು 5 ಮೀಟರ್ ಸಮೀಪಕ್ಕೆ ಹೋದಿರೋ, ಉಳಿಯುವುದು 5 ಸೆಂ.ಮೀ. ಮಾತ್ರ. ಹಕ್ಕಿ ನಿಮ್ಮತ್ತ ಮುಖ ಮಾಡಿದಾಗ ಕಣ್ಣು ಸ್ಫುಟವಾದರೆ ಕೊಕ್ಕಿನ ತುದಿ ಮಸುಕು, ಕೊಕ್ಕು ಸ್ಫುಟವಾದರೆ ಕಣ್ಣು ಮಸುಕು.

ಎರಡನೆಯ ತೊಡಕು ಚಲನೆ. ಹಕ್ಕಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರುತ್ತಿದೆ ಎಂದಿಟ್ಟುಕೊಳ್ಳಿ. ಷಟರ್ ತೆರೆದಿರುವ 1/500 ಸೆಕೆಂಡಿನಲ್ಲಿ ಅದು 2 ಸೆಂ.ಮೀ. ಸಾಗುತ್ತದೆ. 20 ಮೀಟರ್ ದೂರದಿಂದ ನಮ್ಮ ಲೆನ್ಸಿನಲ್ಲಿ ಹಕ್ಕಿ ಐವತ್ತನೇ ಒಂದು ಪಾಲು ಗಾತ್ರಕ್ಕೆ ಇಳಿಯುವುದರಿಂದ ಬಿಂಬ 0.4 ಮಿ.ಮೀ. ಉಜ್ಜಿದಂತಾಗುತ್ತದೆ. ಇದು ರಿಯಾಯಿತಿಯ ಹದಿಮೂರು ಪಟ್ಟು! 1/2000ಕ್ಕೆ ಏರಿಸಿದರೂ 0.1 ಮಿ.ಮೀ. ಉಳಿಯುತ್ತದೆ. ಹಕ್ಕಿಯ ಜತೆಗೇ ಕ್ಯಾಮೆರಾವನ್ನು ತಿರುಗಿಸುತ್ತಾ ಕ್ಲಿಕ್ಕಿಸುವುದೇ ಇದಕ್ಕೆ ಮದ್ದು. ಆಗ ಕಣ್ಣು ಸ್ಫುಟವಾಗಿ, ರೆಕ್ಕೆಯ ತುದಿ ತುಸು ಮಸುಕಾದರೆ ಅದು ದೋಷವಲ್ಲ. ಹಕ್ಕಿ ಹಾರುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಕೈನಡುಕಕ್ಕೆ ಹಳೆಯ ಸೂತ್ರವೇ ಸಾಕು: 400 ಮಿ.ಮೀ. ಲೆನ್ಸಿಗೆ 1/400 ಸೆಕೆಂಡಿಗಿಂತ ನಿಧಾನ ಬೇಡ, ಬೇಕಾದರೆ ಮುಕ್ಕಾಲಿ ಸ್ಟ್ಯಾಂಡ್ ಬಳಸಿ. ಇನ್ನು ಕಣ್ಣಿಗೆ ಕಾಣದ ಶತ್ರು ಬಿಸಿಗಾಳಿ. ಮಾರ್ಚ್ ಮಧ್ಯಾಹ್ನ ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಬಾಗಿಸಿ ಬಿಂಬವನ್ನು ಕುಣಿಸುತ್ತದೆ. ಎಷ್ಟು ದುಬಾರಿ ಲೆನ್ಸೂ ಇದನ್ನು ತಡೆಯಲಾರದು. ಬೆಳಗಿನ ಜಾವ ಏಳುವುದೇ ಅಗ್ಗದ ಉಪಾಯ.

ನಮ್ಮ ನಾಡಿನ ಹಿರಿಯ ಹವ್ಯಾಸಿಗಳು ದುಡಿದದ್ದು ರೋಲಿಗೆ 36 ಚಿತ್ರಗಳ ಕಾಲದಲ್ಲಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017), ಹಣಕಾಸು ಸಚಿವರಾಗಿದ್ದೂ ಕಾಡಿನ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ (1931-2011), ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ (1938-2007) ಇವರಿಗೆಲ್ಲ ಕ್ಲಿಕ್ಕಿಸಿದ್ದು ಹೇಗೆ ಬಂದಿದೆ ಎಂದು ತಕ್ಷಣ ನೋಡುವ ಸೌಲಭ್ಯ ಇರಲಿಲ್ಲ. ಕಾಯುವುದೊಂದೇ ದಾರಿ.

ಕೊಕ್ಕರೆ ಬೆಳ್ಳೂರಿನಲ್ಲಿ ಈ ಕಾಯುವಿಕೆಗೆ ಇನ್ನೂ ದೊಡ್ಡ ಕಾರಣವಿದೆ. ಸುಡುಬಿಸಿಲಿನಲ್ಲಿ ತಾಯಿ ಕೊಕ್ಕರೆ ರೆಕ್ಕೆ ಬಿಚ್ಚಿ ಕೊಡೆಯಂತೆ ಹಿಡಿದು ಮರಿಗಳಿಗೆ ನೆರಳು ಕೊಡುತ್ತದೆ. ಯಾರಾದರೂ ಪಕ್ಕದ ಮಾಳಿಗೆ ಹತ್ತಿ ಗೂಡಿನತ್ತ ಲೆನ್ಸು ಚಾಚಿದರೆ ಅದು ಬೆದರಿ ಹಾರಬಹುದು. ಆಮೇಲೆ ಗರಿ ಮೂಡದ ಮರಿಗೆ ನೆರಳಿಲ್ಲ, ಕಾಗೆ ಹದ್ದುಗಳಿಂದ ರಕ್ಷಣೆಯೂ ಇಲ್ಲ. ಕೂದಲೆಳೆಯಷ್ಟು ಸ್ಫುಟವಾದ ಒಂದು ಚಿತ್ರಕ್ಕೆ ಒಂದು ಮರಿಯ ಜೀವ ತೆರುವುದು ಯಾವ ಹವ್ಯಾಸ?

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಹೊರಜಗತ್ತಿಗೆ ಪರಿಚಯವಾದ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಹಕ್ಕಿಗಳನ್ನು ಕಾಯ್ದುಕೊಂಡು ಬಂದವರು ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿನ ರೈತರೇ. ಹಿಕ್ಕೆ ಬಿದ್ದು ಹುಣಿಸೆ ಫಸಲು ಹಾಳಾದರೂ ಅವರು ಗೂಡು ಕೀಳಲಿಲ್ಲ. ಹೆಜ್ಜಾರ್ಲೆ ಎಂದರೆ ಅವರಿಗೆ ಹೆರಿಗೆಗೆ ತವರಿಗೆ ಬಂದ ಮಗಳು.

ಬಾಣಂತಿಯ ಕೋಣೆಯ ಬಾಗಿಲಲ್ಲಿ ಯಾರೂ ಕ್ಯಾಮೆರಾ ಹಿಡಿದು ನಿಲ್ಲುವುದಿಲ್ಲ. ಬೆಳಗಿನ ಎಳೆಬಿಸಿಲು, ಅಲುಗದ ಕೈ, 20 ಮೀಟರ್ ದೂರ ಇಷ್ಟಿದ್ದರೆ ಕೊಕ್ಕರೆಯ ಕಣ್ಣು ಚಿತ್ರದಲ್ಲಿ ಹೊಳೆಯುತ್ತದೆ. ಅದರ ಮರಿಯೂ ನೆರಳಿನಲ್ಲಿ ಉಳಿಯುತ್ತದೆ.